ಮೇಜಿನ ಬಳಿಗೆ ಬಂದ ಗಾರುಡಿಗ

ಊಟಕ್ಕೆ ಕುಳಿತವರ ಬಳಿಗೆ ಅಪರಿಚಿತನೊಬ್ಬ ಬಂದು ನಿಂತರೆ ನಮ್ಮ ಮನಸ್ಸಿನಲ್ಲಿ ಮೊದಲು ಏಳುವುದು ಕುತೂಹಲವಲ್ಲ, ಸಂಶಯ. ಈತ ಏನು ಕೇಳಲು ಬಂದ? ಎಷ್ಟು ಕೊಟ್ಟರೆ ಹೋಗುತ್ತಾನೆ? ಕಳೆದ ತಿಂಗಳು ಒಂದು ಭಾನುವಾರ, ಮದರಾಸಿನ ಒಂದು ದೊಡ್ಡ ಹೋಟೆಲಿನಲ್ಲಿ ಬಂಧುಗಳು ಏರ್ಪಡಿಸಿದ್ದ ಔತಣಕ್ಕೆ ನಾವು ಸಕುಟುಂಬರಾಗಿ ಹೋಗಿದ್ದಾಗಲೂ ಹಾಗೆಯೇ ಆಯಿತು. (ಚೆನ್ನೈ ಎಂದು ಹೆಸರಾಗಿ ಕಾಲು ಶತಮಾನವೇ ಕಳೆದರೂ ನಮ್ಮ ಬಾಯಿಗೆ ಮದರಾಸೇ ಬರುತ್ತದೆ, ವಾಚಕರು ಕ್ಷಮಿಸಬೇಕು.) ಬೇಕಾದದ್ದನ್ನು ಹೇಳಿ ಕಳುಹಿಸಿ, ತಿಂಡಿಯ ದಾರಿ ಕಾಯುತ್ತ ಕುಳಿತಿದ್ದೆವು. ಕಪ್ಪು ಅಂಗಿ ತೊಟ್ಟ ಯುವಕನೊಬ್ಬ ಎದುರಿನಿಂದ ನಡೆದು ಬಂದು, ನಮ್ಮನ್ನು ಏನೂ ಕೇಳದೆ, ನಮ್ಮ ಚಿಕ್ಕ ಮಗಳ ಕಡೆಗೆ ಬಾಗಿ ತಮಿಳಿನಲ್ಲಿ, "ಪಾಪಾ, ಇದನ್ನು ಸ್ವಲ್ಪ ಹಿಡಿದುಕೊಳ್ಳುತ್ತೀಯಾ? ನನಗೆ ಇರುವುದು ಎರಡೇ ಕೈ" ಎಂದು ಕೆಂಪು ಸ್ಪಂಜಿನ ಚೆಂಡೊಂದನ್ನು ಅವಳ ಅಂಗೈಯಲ್ಲಿಟ್ಟ. ಅವಳು ಮುಷ್ಟಿ ಮುಚ್ಚಿದಳು. ತೆರೆದಾಗ ಎರಡು ಚೆಂಡುಗಳಿದ್ದವು. ಮೇಜಿನ ಸುತ್ತ ಇದ್ದ ಎಂಟು ಜನರೂ ನಕ್ಕೆವು. "ಇವನು ಯಾರು?" ಎಂದು ಕೇಳಬೇಕೆನ್ನುವುದೇ ಮರೆತುಹೋಯಿತು.

ಆ ಮುಚ್ಚಿದ ಮುಷ್ಟಿಯನ್ನು ಕಂಡಾಗ ನಮಗೆ ಬೇರೊಂದು ಮುಷ್ಟಿಯ ನೆನಪಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮುಂಚೆ, ಈ ಯುವಕ ಅರ್ಧ ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ಎಷ್ಟು ಹಳೆಯ ಚರಿತ್ರೆಯಿದೆ ಎಂಬುದನ್ನು ನೋಡೋಣ. ಜಾದೂಗಾರನ ಕೈಚಳಕದ ಬಗ್ಗೆ ಬರೆದವರು ಬಹಳ ಮಂದಿ. ಆದರೆ ಕೈಚಳಕಕ್ಕಿಂತ ಮೊದಲು ಆತ ಗೆಲ್ಲಬೇಕಾದ ಇನ್ನೊಂದು ಆಟವಿದೆ. ಕರೆಯದೆ ಬಂದವನು ಬೇಡದವನಾಗದಂತೆ ನೋಡಿಕೊಳ್ಳುವುದೇ ಆ ಆಟ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಅತ್ಯಂತ ಹಳೆಯ ಉತ್ತರಗಳಲ್ಲೊಂದು ಸಂಸ್ಕೃತ ನಾಟಕದಲ್ಲಿ ಸಿಗುತ್ತದೆ. 7ನೆಯ ಶತಮಾನದ ಹರ್ಷನ 'ರತ್ನಾವಳಿ'ಯ ನಾಲ್ಕನೆಯ ಅಂಕದಲ್ಲಿ ಉಜ್ಜಯಿನಿಯಿಂದ ಬಂದ ಐಂದ್ರಜಾಲಿಕನೊಬ್ಬ ಉದಯನ ರಾಜನ ಮುಂದೆ ಬರುತ್ತಾನೆ. ಆತ ನೇರವಾಗಿ ನುಗ್ಗುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿಕಳುಹಿಸಿ, ಅಪ್ಪಣೆ ಬಂದ ಮೇಲೆ ಒಳಗೆ ಬರುತ್ತಾನೆ. ನವಿಲುಗರಿಯ ಕುಂಚವನ್ನು ಆಡಿಸುತ್ತಾನೆ, ನಗುತ್ತಾನೆ, ಇಂದ್ರನಿಗೂ ಶಂಬರನಿಗೂ ವಂದಿಸುತ್ತಾನೆ. ಅನಂತರ 'ನೋಡುತ್ತೀರಾ?' ಎಂದು ಕೇಳದೆ 'ಏನನ್ನು ತೋರಿಸಲಿ?' ಎಂದು ಕೇಳುತ್ತಾನೆ. ಭೂಮಿಯ ಮೇಲೆ ಚಂದ್ರನನ್ನೋ, ಆಕಾಶದಲ್ಲಿ ಪರ್ವತವನ್ನೋ, ನೀರಿನಲ್ಲಿ ಬೆಂಕಿಯನ್ನೋ? ಬೇಡ ಎನ್ನುವುದಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ಅವನನ್ನು ಕಳುಹಿಸಿದವನು ಮಂತ್ರಿ ಯೌಗಂಧರಾಯಣನೇ ಎಂಬುದು ನಾಟಕದ ಕೊನೆಗೆ ತಿಳಿಯುತ್ತದೆ. ಅಂದರೆ ಇಂದಿನ ಹೋಟೆಲಿನ ಜಾದೂಗಾರನಂತೆ ಆತನೂ ಆಡಳಿತದವರು ಗೊತ್ತುಮಾಡಿ ಕಳುಹಿಸಿದವನೇ!

ಮದರಾಸಿಗೆ ಹತ್ತಿರದ ಕಾಂಚಿಯಲ್ಲಿ ಬಾಳಿದನೆಂದು ಹೇಳಲಾಗುವ ದಂಡಿಯ ಹೆಸರಿನಲ್ಲಿರುವ 'ದಶಕುಮಾರಚರಿತೆ'ಯಲ್ಲೂ ವಿದ್ಯೇಶ್ವರನೆಂಬ ಐಂದ್ರಜಾಲಿಕನಿದ್ದಾನೆ. ಆಟ ತೋರಿಸುತ್ತೇನೆಂದು ರಾಜಸಭೆಯಲ್ಲಿ ಒಂದು ಮದುವೆಯನ್ನು ನಡೆಸುತ್ತಾನೆ. ನೋಡಿದವರು ಮಾಯೆಯೆಂದುಕೊಂಡದ್ದು ನಿಜವಾದ ಮದುವೆಯೇ ಆಗಿರುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಹಗ್ಗ ಹಿಡಿದು ಆಕಾಶಕ್ಕೆ ಏರಿದಂತೆ ಕಾಣುವ ಮಾಯಾವಿ ಬೇರೆ, ನೆಲದ ಮೇಲೆ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂಬ ದೃಷ್ಟಾಂತವನ್ನು ಕೊಡುತ್ತಾರೆ. ಈ ವಿದ್ಯೆಗೆ ಅರಮನೆಯಲ್ಲೂ ವೇದಾಂತದಲ್ಲೂ ಗೌರವದ ಒಂದು ಮೂಲೆ ಇತ್ತು ಎನ್ನಲು ಇಷ್ಟು ಸಾಕು.

ಅರಮನೆಯಿಂದ ಬೀದಿಗೆ ಇಳಿದರೆ ಕಥೆ ಬೇರೆ. ಇಲ್ಲಿ ಬಾಗಿಲೂ ಇಲ್ಲ, ಅಪ್ಪಣೆ ಕೊಡುವ ದೊರೆಯೂ ಇಲ್ಲ. ಕನ್ನಡದಲ್ಲಿ ನಾವು ಗಾರುಡಿ, ಮೋಡಿ, ಕಣ್ಕಟ್ಟು ಎನ್ನುವುದಕ್ಕೆ ತಮಿಳಿನಲ್ಲಿ 'ಚೆಪ್ಪಿಡು ವಿತ್ತೈ' ಎಂಬ ಸೊಗಸಾದ ಮಾತಿದೆ. ಚೆಪ್ಪು ಎಂದರೆ ಸಣ್ಣ ಬಟ್ಟಲು ಅಥವಾ ಕರಡಿಗೆ. ಬೋರಲು ಹಾಕಿದ ಬಟ್ಟಲುಗಳ ಕೆಳಗೆ ಸಣ್ಣ ಚೆಂಡುಗಳು ಮಾಯವಾಗಿ, ಮತ್ತೆ ಬಂದು, ಕೊನೆಗೆ ನಾವು ನಿರೀಕ್ಷಿಸದ ಕಡೆಯಲ್ಲಿ ಸೇರಿಕೊಳ್ಳುವ ಆಟ ಅದು. ಕೇರಳದಲ್ಲಿ ಇದೇ 'ಚೆಪ್ಪುಂ ಪಂತುಂ'. ಕಳೆದ ಶತಮಾನದಲ್ಲಿ ವಾಳಕುನ್ನಂ ನಂಬೂದಿರಿಯವರು ಇದರಲ್ಲಿ ಬಹಳ ದೊಡ್ಡ ಹೆಸರು ಮಾಡಿದ್ದರು. ರೋಮಿನ ದಾರ್ಶನಿಕ ಸೆನೆಕಾ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ತನ್ನ ಒಂದು ಪತ್ರದಲ್ಲಿ ಬಟ್ಟಲು ಮತ್ತು ಕಲ್ಲುಹರಳುಗಳ ಆಟವನ್ನು ಪ್ರಸ್ತಾಪಿಸಿದ್ದಾನೆ.

ಆದರೆ ನಮ್ಮವರ ಆಟಕ್ಕೂ ಐರೋಪ್ಯರ ಆಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಐರೋಪ್ಯ ಜಾದೂಗಾರನ ಮುಂದೆ ಮೇಜು ಇರುತ್ತಿತ್ತು. ಮೇಜಿನ ಹಿಂದೆ ಅವನ ಮಡಿಲು, ಚೀಲ, ಕೋಟಿನ ಜೇಬುಗಳು. ನಮ್ಮ ಗಾರುಡಿಗ ಬರಿ ನೆಲದ ಮೇಲೆ ಕೂರುತ್ತಿದ್ದ. ಸುತ್ತ ಮೂರು ಕಡೆ ಜನ, ಎರಡು ಮೊಳ ದೂರದಲ್ಲಿ ಹುಡುಗರ ಕಣ್ಣುಗಳು. ತಲೆಯ ಮೇಲೆ ಗುಬುಟು ಇರುವ ಗಿಡ್ಡನೆಯ ಬಟ್ಟಲುಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದು ಆತ ಆಡಿಸುತ್ತಿದ್ದ. ಮೇಜಿನಿಂದ ಮೇಜಿಗೆ ಹೋಗುವ ಇಂದಿನ ಜಾದೂಗಾರನಿಗೆ ಇರುವ ಇಕ್ಕಟ್ಟು ಇದೇ ಅಲ್ಲವೆ? ಪರದೆಯಿಲ್ಲ, ವೇದಿಕೆಯಿಲ್ಲ, ಎಲ್ಲ ಕಡೆಯಿಂದಲೂ ನೋಡುವವರಿದ್ದಾರೆ. ವಂಶಾವಳಿ ಬರೆಯುವುದಾದರೆ ಈತನ ಹಿರಿಯರು ದೊಡ್ಡ ನಾಟಕಶಾಲೆಯ ಜಾದೂಗಾರರಲ್ಲ, ನೆಲದ ಮೇಲೆ ಕುಳಿತ ಗಾರುಡಿಗರು.

ಬೀದಿಯ ಗಾರುಡಿಗನ ಆರಂಭವನ್ನು ಮದರಾಸಿನ ಹಳಬರು ಚೆನ್ನಾಗಿ ಬಲ್ಲರು. 1900ರಲ್ಲಿ ತೆರೆದು 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್ಟಿನ ಸುತ್ತಮುತ್ತ ಇಂಥ ಆಟ ನಡೆಯುತ್ತಿದ್ದುದನ್ನು ನಮ್ಮ ಸಂಘದ ಹಿರಿಯ ಸದಸ್ಯರು ಈಗಲೂ ವರ್ಣಿಸುತ್ತಾರೆ. ಮೊದಲು ಡಮರುವಿನ ಸದ್ದು. ಒಬ್ಬ ಹುಡುಗನೊಡನೆ ಗಟ್ಟಿಯಾಗಿ ಸಂಭಾಷಣೆ. ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ. ಇನ್ನೇನು ಎರಡಕ್ಕೂ ಜಗಳ ಬಿಡುತ್ತೇನೆಂಬ ವಾಗ್ದಾನ. ಆ ಜಗಳವನ್ನು ಕಣ್ಣಾರೆ ಕಂಡವರು ಮಾತ್ರ ನಮಗೆ ಇದುವರೆಗೆ ಸಿಕ್ಕಿಲ್ಲ! ಗುಂಪು ಕೂಡಿದ ಮೇಲೆ ಎಚ್ಚರಿಕೆ: "ಆಟ ಮುಗಿಯುವ ಮೊದಲು ಎದ್ದುಹೋದವನು ರಕ್ತ ಕಾರಿ ಸಾಯುತ್ತಾನೆ." ಕೊನೆಗೆ ತಾಯಿತದ ಮಾರಾಟ. ಇದರಲ್ಲಿ ಒಂದು ಲೆಕ್ಕಾಚಾರವಿದೆ. ಬೀದಿಯಲ್ಲಿ ಜನರ ಬಳಿಗೆ ಗಾರುಡಿಗ ಹೋಗುವುದಿಲ್ಲ, ಜನರೇ ಅವನ ಬಳಿಗೆ ಬರುತ್ತಾರೆ. ಆದ್ದರಿಂದ ಬಂದವರು ಜಾರಿಹೋಗದಂತೆ ಹಿಡಿದಿಡುವುದೇ ಅವನ ಚಿಂತೆ. ರಕ್ತ ಕಾರುವ ಬೆದರಿಕೆ, ನಡೆಯದ ಜಗಳ ಎರಡೂ ಅದಕ್ಕೇ.

ಬಂಗಲೆಯ, ಹೋಟೆಲಿನ ವರಾಂಡದಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಜನ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ, ಗಾರುಡಿಗನೇ ಹೋಗಬೇಕು. ಕುಂಪನಿಯ ಕಾಲದಿಂದ ಬಿಳಿಯರಿಗೆ ನಮ್ಮ ಗಾರುಡಿಗರ ಪರಿಚಯವಾದದ್ದು ಬಹುಮಟ್ಟಿಗೆ ವರಾಂಡದಲ್ಲೇ. ಮಾವಿನ ಓಟೆ ನೆಟ್ಟು ಗಿಡ ಬೆಳೆಸುವ ಆಟ, ಬುಟ್ಟಿಯೊಳಗಿನ ಹುಡುಗನಿಗೆ ಕತ್ತಿ ಚುಚ್ಚುವ ಆಟ, ನೀರಿನ ಬಟ್ಟಲಲ್ಲಿ ಮರದ ಬಾತುಕೋಳಿ ಹೇಳಿದಾಗ ಮುಳುಗುವ ಆಟ ಇವನ್ನೆಲ್ಲ ಅವರು ಬರೆದಿಟ್ಟಿದ್ದಾರೆ. 1832ರಲ್ಲಿ ಲಂಡನ್ನಿನ 'ಸ್ಯಾಟರ್ಡೆ ಮ್ಯಾಗಜೀನ್' ಪತ್ರಿಕೆ ಮದರಾಸಿನ ಶೇಷಾಲ್ ಎಂಬ ವೃದ್ಧ ಬ್ರಾಹ್ಮಣನ ವಿಷಯವನ್ನು ಪ್ರಕಟಿಸಿತು. ಆತ ನೆಲದಿಂದ ಕೆಲವು ಅಡಿ ಮೇಲೆ, ಗಾಳಿಯಲ್ಲಿ ಪದ್ಮಾಸನ ಹಾಕಿ, ಒಂದು ಕೈಯನ್ನು ಮಾತ್ರ ಕೋಲಿಗೆ ತಾಗಿಸಿ ಜಪಮಾಲೆ ಎಣಿಸುತ್ತ ಕೂರುತ್ತಿದ್ದನಂತೆ. ಏರುವಾಗಲೂ ಇಳಿಯುವಾಗಲೂ ಸುತ್ತ ಕಂಬಳಿ ಹಿಡಿಯುತ್ತಿದ್ದರು. ವಿಜ್ಞಾನ ಓದಿದವರಿಗೆ ಇದರಲ್ಲಿ ಪವಾಡವೇನೂ ಕಾಣದು. ಕೋಲಿನಿಂದ ಹೊರಟ ಉಕ್ಕಿನ ಸರಳೊಂದು ತೋಳಿನೊಳಗೆ ಸಾಗಿ ಉಡುಪಿನ ಮರೆಯಲ್ಲಿ ಆಸನವಾದರೆ, ದೇಹದ ಭಾರವೆಲ್ಲ ಆ ಕೋಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ನಮಗೆ ಆಶ್ಚರ್ಯವೆನಿಸುವುದು ಆತನ ಆರಂಭ. ಒಂದು ಮಾತೂ ಆಡದೆ, ಕಂಬಳಿ ಸರಿದ ಕ್ಷಣದಲ್ಲೇ ಆತ ಆಟವನ್ನು ಮುಗಿಸಿಬಿಟ್ಟಿರುತ್ತಿದ್ದ!

ಅದಕ್ಕೂ ಮುಂಚೆ, 1810ರ ದಶಕದಲ್ಲೇ, ಭಾರತದ ಗಾರುಡಿಗರು ಲಂಡನ್ ತಲುಪಿದ್ದರು. ಅವರಲ್ಲಿ ಪ್ರಸಿದ್ಧನಾದವನು 'ರಾಮೋ ಸಾಮಿ'. ಹೆಸರನ್ನು ಕೇಳಿದರೆ ಸಾಕು, ನಮ್ಮ ದಕ್ಷಿಣದ ರಾಮಸ್ವಾಮಿ ಎಂದು ತಿಳಿಯುತ್ತದೆ. ಕತ್ತಿ ನುಂಗುವುದು, ಚೆಂಡು ತೂರುವುದು, ಬಟ್ಟಲಿನಾಟ ಎಲ್ಲದರಲ್ಲೂ ಆತ ನಿಪುಣ. ಪ್ರಬಂಧಕಾರ ಹ್ಯಾಜ್ಲಿಟ್ 1821ರ 'ಟೇಬಲ್ ಟಾಕ್' ಎಂಬ ಪುಸ್ತಕದಲ್ಲಿ ಭಾರತೀಯ ಗಾರುಡಿಗರ ಬಗ್ಗೆಯೇ ಒಂದು ಪ್ರಬಂಧ ಬರೆದ. ಬಿಳಿಯ ಉಡುಪಿನ ಮುಖ್ಯಸ್ಥ ಮುಂದೆ ಬಂದು ನೆಲದ ಮೇಲೆ ಕುಳಿತು, ಎರಡೇ ಎರಡು ಹಿತ್ತಾಳೆಯ ಚೆಂಡುಗಳಿಂದ ಆರಂಭಿಸಿ ಆಮೇಲೆ ನಾಲ್ಕಕ್ಕೆ ಏರಿಸಿದನೆಂದು ಅದು ವರ್ಣಿಸುತ್ತದೆ. ಎರಡು ಚೆಂಡು ತೂರುವುದು ಯಾರಿಗಾದರೂ ಬರುವ ಕೆಲಸ. ನೋಡುವವನಿಗೆ "ಇಷ್ಟು ನನಗೂ ಬರುತ್ತದೆ" ಎನ್ನಿಸಿ, ಅವನನ್ನು ಹತ್ತಿರಕ್ಕೆ ಎಳೆದುಕೊಂಡು, ಅನಂತರ ಅವನ ಕೈಗೆಟುಕದಷ್ಟು ಎತ್ತರಕ್ಕೆ ಹೋಗುವುದು. ಆರಂಭದ ಈ ಪಾಠವನ್ನು ಇಂದಿಗೂ ಯಾವ ಜಾದೂಗಾರನೂ ಬದಲಾಯಿಸಿಲ್ಲ. ಇಷ್ಟು ಹೆಸರು ಮಾಡಿದ ರಾಮಸ್ವಾಮಿ 1850ರಲ್ಲಿ ಲಂಡನ್ನಿನಲ್ಲಿ ಸತ್ತಾಗ ಶವಸಂಸ್ಕಾರಕ್ಕೂ ಮನೆಯಲ್ಲಿ ಹಣವಿರಲಿಲ್ಲ. ಹೆಂಡತಿ ಸಾರ್ವಜನಿಕರನ್ನು ಯಾಚಿಸಬೇಕಾಯಿತು.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಈಜಿಪ್ಟಿನ ಪೋರ್ಟ್ ಸೈದ್ ಬಂದರಿನಲ್ಲಿ 'ಗಲಿ ಗಲಿ'ಯವರು ಎಂಬ ಜಾದೂಗಾರರು ಪ್ರಸಿದ್ಧರಾದರು. ಹಡಗು ನಿಂತೊಡನೆ ಏರಿ ಬಂದು, ಬಾಯಲ್ಲಿ 'ಗಲಿ ಗಲಿ' ಎನ್ನುತ್ತ, ಪ್ರಯಾಣಿಕರ ಕೋಟಿನೊಳಗಿನಿಂದ ಜೀವಂತ ಕೋಳಿಮರಿಗಳನ್ನು ತೆಗೆಯುತ್ತಿದ್ದರು. ಭಾಷೆ ಬಾರದ ಜನರೆದುರು ಪೀಠಿಕೆ ಹಾಕುವುದು ಹೇಗೆ? ಚಿಂವ್‌ಗುಟ್ಟುವ ಕೋಳಿಮರಿಯೇ ಪೀಠಿಕೆ! ಅಮೆರಿಕದಲ್ಲಿ ಮ್ಯಾಕ್ಸ್ ಮಾಲಿನಿ (1873–1942) ಎಂಬಾತ ಹೋಟೆಲು, ಪಾನಗೃಹಗಳಲ್ಲಿ ಆಡುತ್ತಲೇ ದೊಡ್ಡವರ ಸಹವಾಸ ಗಳಿಸಿದ. 1902ರಲ್ಲಿ ಸೆನೆಟರ್ ಮಾರ್ಕ್ ಹ್ಯಾನಾನ ಕೋಟಿನ ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಮತ್ತೆ ಇದ್ದಲ್ಲೇ ಕೂಡಿಸಿದ್ದು ಅವನ ಹೆಸರಾಂತ ಆರಂಭ. ಊಟದ ಮೇಜಿನಲ್ಲಿ ಗಂಟೆಗಟ್ಟಲೆ ಹರಟೆ ಹೊಡೆದು, ಕೊನೆಗೆ ಟೊಪ್ಪಿಗೆಯ ಕೆಳಗಿನಿಂದ ದೊಡ್ಡ ಮಂಜುಗಡ್ಡೆಯನ್ನು ತೆಗೆದು ತೋರಿಸುತ್ತಿದ್ದನಂತೆ. "ಸರಿಯಾದ ಸಮಯ ಬರದಿದ್ದರೆ?" ಎಂದು ಕೇಳಿದವರಿಗೆ, ವಾರವಾದರೂ ಕಾಯುತ್ತೇನೆಂದು ಉತ್ತರಿಸಿದನೆಂಬ ಕಥೆಯಿದೆ. ಷಿಕಾಗೋ ನಗರದಲ್ಲಿ ಮ್ಯಾಟ್ ಷುಲಿಯನ್ ಎಂಬ ಹೋಟೆಲಿನ ಯಜಮಾನನೇ ಗಿರಾಕಿಗಳ ಮೇಜಿಗೆ ಹೋಗಿ ಇಸ್ಪೀಟಿನ ಆಟ ತೋರಿಸುತ್ತಿದ್ದ. ಹೀಗೆ ಕಳೆದ ಶತಮಾನದಲ್ಲಿ, ಊಟಕ್ಕೆ ಕುಳಿತವರಿಗೆ ಜಾದೂ ತೋರಿಸುವುದು ಪಶ್ಚಿಮದಲ್ಲಿ ಒಂದು ಉದ್ಯೋಗವೇ ಆಯಿತು.

ಹಾಗಾದರೆ ಮದರಾಸಿನ ಹೋಟೆಲ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಪಾಲುಳ್ಳ ನಮ್ಮ ಉಡುಪಿ ಹೋಟೆಲುಗಳಲ್ಲಿ ಇದು ಏಕೆ ಬೇರೂರಲಿಲ್ಲ? ಕಡಂದಲೆ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. 1962ರಲ್ಲಿ ಬಂದ ಡ್ರೈವ್-ಇನ್ 2008ರಲ್ಲಿ ಮುಚ್ಚುವವರೆಗೆ ಊರಿನವರಿಗೆಲ್ಲ ಹರಟೆಕಟ್ಟೆಯಾಗಿತ್ತು. ನಮಗೆ ತೋರುವ ಮೊದಲ ಕಾರಣ, ಎಂಜಲು. ಬಲಗೈಯಲ್ಲಿ ಸಾಂಬಾರು ಕಲಸುತ್ತಿರುವವನಿಗೆ "ಒಂದು ಎಲೆ ತೆಗೆಯಿರಿ ಸಾರ್" ಎಂದು ಇಸ್ಪೀಟು ಚಾಚಿದರೆ ಆತ ಏನು ಮಾಡಬೇಕು? ಚೂರಿ-ಮುಳ್ಳುಚಮಚದಲ್ಲಿ ತಿನ್ನುವವನು ಅವನ್ನು ಕೆಳಗಿಟ್ಟರೆ ಕೈ ಖಾಲಿ. ನಮ್ಮ ಕೈ ಹಾಗಲ್ಲ, ತೊಳೆಯುವವರೆಗೆ ಅದು ಊಟಕ್ಕೇ ಮೀಸಲು. ಎರಡನೆಯದು ಸಮಯ. ಹೇಳಿದ್ದು ಕ್ಷಣದಲ್ಲಿ ಬರುತ್ತದೆ, ತಿಂದವರು ಕ್ಷಣದಲ್ಲಿ ಏಳಬೇಕು, ಹಿಂದೆ ಕಾಯುವವರು ನಿಂತಿದ್ದಾರೆ. ಮೂರನೆಯದಾಗಿ, ನಮ್ಮ ಹೋಟೆಲುಗಳಲ್ಲಿ ಆ ಕೆಲಸವನ್ನು ಮಾಡುವವರು ಮೊದಲೇ ಇದ್ದರು. ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಓಡಿಬರುವ, ಇಪ್ಪತ್ತು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ, ಕಾಫಿಯನ್ನು ಒಂದು ಹನಿ ಚೆಲ್ಲದೆ ಎತ್ತಿ ಹೊಯ್ಯುವ ಸಪ್ಲೈಯರಿಗಿಂತ ಬೇರೆ ಜಾದೂಗಾರ ಬೇಕೆ?

ಆದರೆ ನಾಲ್ಕನೆಯ ಕಾರಣವೊಂದಿದೆ. ಅದು ಅಷ್ಟು ಹಿತವಾದುದಲ್ಲ. ನಾವು ಗಾರುಡಿಗನನ್ನು ಕಲಾವಿದನೆಂದು ಕಾಣಲಿಲ್ಲ, ಭಿಕ್ಷುಕನೆಂದು ಕಂಡೆವು. ಕಾನೂನೂ ಹಾಗೆಯೇ ಕಂಡಿತು. 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯಿದೆ ಹಾಡು, ಕುಣಿತ, ಕಣಿ ಹೇಳುವುದು, ಆಟ ತೋರಿಸುವುದು ಇವುಗಳ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹಣ ಪಡೆಯುವುದನ್ನೂ ಭಿಕ್ಷಾಟನೆಯ ವ್ಯಾಖ್ಯೆಯೊಳಗೆ ಸೇರಿಸಿತು. ಅದು ದೆಹಲಿಗೂ ಅನ್ವಯವಾಯಿತು; ಭಿಕ್ಷೆ ಬೇಡುವುದನ್ನು ಅಪರಾಧವಾಗಿಸುವ ಅದರ ಕಲಮುಗಳನ್ನು ದೆಹಲಿ ಉಚ್ಚ ನ್ಯಾಯಾಲಯ ರದ್ದುಮಾಡಿದ್ದು 2018ರಲ್ಲಿ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಫಲವಾಗಿ ಬುಟ್ಟಿಯ ಹಾವೂ ಹೋಯಿತು. ಅದು ಹಾವಿನ ದೃಷ್ಟಿಯಿಂದ ನ್ಯಾಯವೇ. ಆದರೆ ಹಾವಿನ ಜೊತೆಗೆ ಬಟ್ಟಲೂ ಚೆಂಡೂ ಬೀದಿಯಿಂದ ಸರಿದುಹೋದವು. ದೆಹಲಿಯಲ್ಲಿ ಗಾರುಡಿಗರು, ಗೊಂಬೆಯಾಟದವರು ಹಲವು ದಶಕ ನೆಲೆಸಿದ್ದ ಕಠ್‌ಪುತ್ಲಿ ಕಾಲೊನಿಯನ್ನು 2017ರಲ್ಲಿ ಕೆಡವಲಾಯಿತು.

ಆ ಭಾನುವಾರ ತಿಂಡಿ ಬರುವುದು ಕಂಡೊಡನೆ ನಮ್ಮ ಯುವಕ ಆಟ ಮುಗಿಸಿ ಪಕ್ಕಕ್ಕೆ ಸರಿದ. ಊಟವಾದ ಮೇಲೆ ನಾವೇ ಹೋಗಿ ಮಾತನಾಡಿಸಿದೆವು. ಆತ ಸಂಕೋಚವಿಲ್ಲದೆ ತನ್ನ ನಿಯಮಗಳನ್ನು ಹೇಳಿದ. ತಿನ್ನುತ್ತಿರುವವರ ಬಳಿಗೆ ಹೋಗಬಾರದು. ಹೇಳಿ ಕಳುಹಿಸಿದ ಮೇಲೆ, ತಿಂಡಿ ಬರುವ ಮುಂಚೆ ಇರುವ ಹತ್ತು ನಿಮಿಷವೇ ತನ್ನದು. ಹಿಂದಿನಿಂದ ಬರಬಾರದು, ಎಲ್ಲರಿಗೂ ಕಾಣುವಂತೆ ಎದುರಿನಿಂದ ಬರಬೇಕು. ದೂರದಿಂದಲೇ ಮೇಜನ್ನು ಓದಬೇಕು: ಜಗಳವಾಡುತ್ತಿರುವ ದಂಪತಿಗಳು, ವ್ಯವಹಾರದ ಕಾಗದ ಹರಡಿಕೊಂಡವರು, ಕಣ್ಣು ಕೆಂಪಾದವರು ಇವರ ಬಳಿ ಸುಳಿಯಬಾರದು. 'ಜಾದೂ ನೋಡುತ್ತೀರಾ?' ಎಂದು ಕೇಳಬಾರದು. ಕೇಳಿದರೆ ಜನ ಅಭ್ಯಾಸಬಲದಿಂದ ಬೇಡ ಎನ್ನುತ್ತಾರೆ. ಮೊದಲನೆಯ ಆಟ ಒಂದು ನಿಮಿಷದೊಳಗೆ ಮುಗಿಯಬೇಕು, ಅದೂ ನೋಡುವವರ ಕೈಯಲ್ಲೇ ನಡೆಯಬೇಕು. ಹೋಟೆಲಿನವರೇ ತನಗೆ ಸಂಬಳ ಕೊಡುತ್ತಾರೆ, ಗಿರಾಕಿಗಳು ಏನೂ ಕೊಡಬೇಕಾಗಿಲ್ಲ ಎಂಬುದು ಹೇಗಾದರೂ ಬೇಗ ತಿಳಿಯಬೇಕು. "ಅದು ತಿಳಿಯುವವರೆಗೆ ಯಾರೂ ನನ್ನ ಕೈಯನ್ನು ನೋಡುವುದಿಲ್ಲ ಸಾರ್, ತಮ್ಮ ಜೇಬನ್ನು ನೋಡುತ್ತಾರೆ" ಎಂದ.

ಸರ್ಕಾರಿ ಕಚೇರಿಯ ಗುಮಾಸ್ತರಾದ ನಮ್ಮ ಮೇಜಿನ ಬಳಿಗೂ ದಿನವೂ ಜನ ಬರುತ್ತಾರೆ. ಬಂದವನ ಮುಖ ನೋಡುವ ಮೊದಲೇ 'ನಾಳೆ ಬನ್ನಿ' ಎನ್ನಲು ಬಾಯಿ ಸಿದ್ಧವಾಗಿರುತ್ತದೆ. ಆ ಯುವಕನ ಮಾತು ನಮಗೆ ಎರಡು ಕಡೆ ತಾಗಿತು.

ಇನ್ನು ಮೊದಲು ಹೇಳಿದ ಆ ಮುಷ್ಟಿ. ನಮಗೆ ಆಗ ಎಂಟೋ ಒಂಬತ್ತೋ ವಯಸ್ಸು. ತಂದೆಯವರು ಸಂಬಳದ ದಿನ ನಮ್ಮನ್ನೆಲ್ಲ ಊರಿನ ಒಂದು ಹೋಟೆಲಿಗೆ ಕರೆದೊಯ್ದಿದ್ದರು. ಜಾಗಕ್ಕಾಗಿ ಬಾಗಿಲ ಬಳಿ ಕಾಯುತ್ತಿದ್ದಾಗ, ಹೆಗಲಿಗೆ ಜೋಳಿಗೆ ಹಾಕಿದ್ದ ವಯಸ್ಸಾದ ಗಾರುಡಿಗನೊಬ್ಬ ಬಂದು ನಮ್ಮೆದುರು ಕುಕ್ಕರಗಾಲಿನಲ್ಲಿ ಕುಳಿತು, ಏನೂ ಹೇಳದೆ, ಬಟ್ಟೆಯ ಸಣ್ಣ ಚೆಂಡೊಂದನ್ನು ನಮ್ಮ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದ. ಅಷ್ಟರಲ್ಲಿ ಹೋಟೆಲಿನವರೊಬ್ಬರು ಬಂದು, "ಏ, ಬಾಗಿಲಲ್ಲಿ ಭಿಕ್ಷೆ ಬೇಡಬೇಡ, ಏಳು" ಎಂದು ಗದರಿಸಿದರು. ಆತ ಎದ್ದ. ಜಾಗ ಖಾಲಿಯಾಯಿತೆಂದು ತಂದೆಯವರು ನಮ್ಮನ್ನು ಎಳೆದುಕೊಂಡು ಒಳಗೆ ನಡೆದರು. ಮಸಾಲೆದೋಸೆ ಬಂದಾಗಲೇ ನಾವು ಮುಷ್ಟಿ ಬಿಚ್ಚಿದ್ದು. ಚೆಂಡು ಒಂದೇ ಇತ್ತು. ಓಡಿ ಹೊರಗೆ ಬಂದು ನೋಡಿದರೆ ಆತ ಹೋಗಿಯಾಗಿತ್ತು.

ಆಟಕ್ಕೆ ಬೇಕಾದ ಚೆಂಡುಗಳಲ್ಲಿ ಒಂದು ಕಡಿಮೆಯಾದರೆ ಆತ ಸಂಜೆ ಏನು ಮಾಡಿದನೋ ಎಂಬ ಯೋಚನೆ ಆಗ ನಮಗೆ ಬರಲಿಲ್ಲ, ಈಗ ಬರುತ್ತದೆ. ಮೂವತ್ತೈದು ವರ್ಷಗಳ ಅನಂತರ, ಅದೇ ಊರಿನಲ್ಲಿ, ಅದೇ ಆರಂಭ. ಒಬ್ಬನಿಗೆ ಹೋಟೆಲಿನವರ ಸಂಬಳ, ಇನ್ನೊಬ್ಬನಿಗೆ ಹೋಟೆಲಿನವರ ಗದರಿಕೆ. ವಿದ್ಯೆಯಲ್ಲಿ ಇಬ್ಬರಿಗೂ ಹೆಚ್ಚು ಕಡಿಮೆ ಇತ್ತೆಂದು ನಾವು ಹೇಳಲಾರೆವು. 'ರತ್ನಾವಳಿ'ಯ ಐಂದ್ರಜಾಲಿಕನಿಗೆ ಬಾಗಿಲಲ್ಲಿ ಅಪ್ಪಣೆ ಸಿಕ್ಕಿತು. ಆ ಮುದುಕನಿಗೆ ಸಿಗಲಿಲ್ಲ. ಇದ್ದ ವ್ಯತ್ಯಾಸ ಅದೊಂದೇ.

ಔತಣದಿಂದ ಹೊರಡುವಾಗ ನಮ್ಮ ಮಗಳು ತಾನಾಗಿಯೇ ಯುವಕನ ಬಳಿಗೆ ಓಡಿ, ಎರಡು ಕೆಂಪು ಚೆಂಡುಗಳನ್ನೂ ಅವನ ಕೈಗೆ ಹಿಂದಕ್ಕೆ ಕೊಟ್ಟು ಬಂದಳು. ನಾವು ಏನೂ ಹೇಳಿಕೊಟ್ಟಿರಲಿಲ್ಲ.